ಮೀಟರಿಗೆ ಮಾಡಿದ ಸಾರು

ಹುರುಳಿ ಸಾರಿನ ಪರಿಮಳ ಮೂಗಿಗೆ ಬಡಿದರೆ ನಿಮಗೆ ಊರು ನೆನಪಾದೀತು, ಅಜ್ಜಿ ನೆನಪಾದಾರು, ಏನೂ ಇಲ್ಲದಿದ್ದರೆ ಹಸಿವಾದರೂ ಆದೀತು. ನನಗೆ ಜಪಾನ್ ನೆನಪಾಗುತ್ತದೆ. ಇದನ್ನು ಯಾರ ಹತ್ತಿರ ಹೇಳಿದರೂ ಅವರು ನನ್ನ ಮುಖವನ್ನು ಒಮ್ಮೆ ನೋಡಿ ಮಾತು ಬದಲಿಸುತ್ತಾರೆ. ನೀವು ಹಾಗೆ ಮಾಡಲಾರಿರಿ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಇವತ್ತು ಶುಕ್ರವಾರ, ನಮಗಿಲ್ಲಿ ವಾರದ ರಜೆ. ನಮ್ಮವರು ಕಂಪನಿ ಕೆಲಸದ ಮೇಲೆ ಖಸಬ್ ಬಂದರಿಗೆ ಹೋದವರು ಇನ್ನೂ ಬಂದಿಲ್ಲ. ಒಮಾನಿನ ಅಲ್ ಖೌದ್‌ನ ಈ ಫ್ಲ್ಯಾಟಿನಲ್ಲಿ ನಾನೊಬ್ಬಳೇ, ತಲೆಗೆ ಎಣ್ಣೆ ಹಚ್ಚಿಕೊಂಡು, ಸೋಮಾರಿತನವನ್ನು ಪೂರ್ತಿ ಅನುಭವಿಸುತ್ತ ಕೂತಿದ್ದೆ. ಆಗ ಬಾಗಿಲ ಬೆಲ್ ಆಯಿತು. ಮೇಲಿನ ಮನೆಯ ಭಾಸ್ಕರಣ್ಣ ಸ್ಟೀಲ್ ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟು, "ಸಾರು" ಎಂಬ ಒಂದೇ ಶಬ್ದ ಹೇಳಿ, ಬಂದ ಹಾಗೆಯೇ ಮೆಟ್ಟಿಲು ಹತ್ತಿಹೋದರು. ಮುಚ್ಚಳ ತೆಗೆದೆ. ತೆಂಗಿನೆಣ್ಣೆಯಲ್ಲಿ ಕೆಂಪಗಾದ ಬೆಳ್ಳುಳ್ಳಿಯ ಒಗ್ಗರಣೆ. ಇನ್ನೂ ಬಾಯಿಗೆ ಹಾಕಿಲ್ಲ. ಕುಕ್ಕರಿನಲ್ಲಿ ಕುಚ್ಚಲಕ್ಕಿ ಇಟ್ಟಿದ್ದೇನೆ, ಅದು ಅವಸರಕ್ಕೆ ಬೇಯುವ ಅಕ್ಕಿಯಲ್ಲ. ಬೇಯುವ ತನಕ ನಿಮ್ಮ ಜೊತೆ ಮಾತಾಡಬಹುದು.

ಮೇಲಿನ ಮನೆಯೆಂದರೆ ಸುಮತಿಯಕ್ಕನ ಮನೆ. ಅವರು ಕಾಪು ಕಡೆಯವರು. ಭಾಸ್ಕರಣ್ಣ ಅಲ್ ಮಬೇಲಾದ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್. ದಿನವಿಡೀ ಅಲ್ಲಿ ಹಿಂದಿ, ಅರಬ್ಬಿ, ತುಳು ಮೂರರಲ್ಲೂ ಕೂಗಿ ಕೂಗಿ ಮನೆಗೆ ಬರುವಾಗ ಅವರ ಮಾತಿನ ದಾಸ್ತಾನು ಮುಗಿದಿರುತ್ತದೆ. ಮನೆಯಲ್ಲಿ ಏನೇ ಚರ್ಚೆಯಾದರೂ ಅವರು "ಖಲಾಸ್" ಎಂದರೆ ಮುಗಿಯಿತು. ಅವರ ಪಾಲಿನ ಮಾತನ್ನೂ ಸೇರಿಸಿ ಆಡುವ ಜವಾಬ್ದಾರಿ ಸುಮತಿಯಕ್ಕನದು. ಅವರಿಗೆ ನನ್ನ ಮೇಲೆ ಪ್ರೀತಿ ಇದ್ದಾಗ ನಾನು "ಮಾರಾಯ್ತಿ", ಏಕವಚನ. ಸಿಟ್ಟು ಬಂದರೆ "ಡಾಕ್ಟ್ರೇ", ಬಹುವಚನ. ಅವರ ಬಾಯಿಂದ ಮರ್ಯಾದೆ ಬಂತೆಂದರೆ ನಾನು ಜಾಗ್ರತೆಯಾಗುತ್ತೇನೆ.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಅಂಥ ಮರ್ಯಾದೆ ಧಾರಾಳವಾಗಿ ಸಿಕ್ಕಿತು. ಅವರ ಒಬ್ಬಳೇ ಮಗಳು ಶ್ರಾವ್ಯ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಮುಗಿಸಿ, ಆಗಷ್ಟೇ ಅಪ್ಪ ಅಮ್ಮನ ಜೊತೆ ಇರಲು ಇಲ್ಲಿಗೆ ಬಂದಿದ್ದಳು. ಬಂದವಳು ಸುಮ್ಮನಿರದೆ ಜಪಾನಿನಲ್ಲಿ ನಾನು ಓದಿದ್ದ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಿ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದಿಗೆ ಸೀಟನ್ನೂ ವಿದ್ಯಾರ್ಥಿವೇತನವನ್ನೂ ಗಿಟ್ಟಿಸಿಕೊಂಡಿದ್ದಳು. ಬರುತ್ತೇನೆ ಇಲ್ಲವೇ ಬರುವುದಿಲ್ಲ ಎಂದು ಆ ತಿಂಗಳೊಳಗೆ ಉತ್ತರ ಕೊಡಬೇಕಿತ್ತು. ನನ್ನನ್ನು ಮೇಲೆ ಕರೆಸಿ, ಚಾ ಕೊಡದೆ ಕೂರಿಸಿದರು ಸುಮತಿಯಕ್ಕ.

"ನೋಡಿ ಡಾಕ್ಟ್ರೇ, ಇದಕ್ಕೆಲ್ಲ ನೀವೇ ಕಾರಣ. ಜಪಾನ್ ಜಪಾನ್ ಅಂತ ಕತೆ ಹೇಳಿ ಹೇಳಿ ಹುಡುಗಿಯ ತಲೆ ಕೆಡಿಸಿದ್ದು ನೀವು. ಈಗ ಹೇಳಿ, ಅಲ್ಲಿಗೆ ಹೋಗಿ ಇವಳು ಡಾಕ್ಟ್ರಾಗ್ತಾಳಾ?"

"ಇಲ್ಲ ಅಕ್ಕ."

"ನರ್ಸು?"

"ಇಲ್ಲ."

"ಮತ್ತೆ ಎಂಥ ಆಗುದು? ಅಷ್ಟು ದೂರ ಹೋಗಿ ಎಂಥದ್ದೂ ಆಗದೆ ಬರ್ಲಿಕ್ಕೆ ಇಲ್ಲೇ ಕೂತ್ರೆ ಆಗುದಿಲ್ವಾ?"

"ಅಮ್ಮಾ, ಇಟ್ಸ್ ಪಬ್ಲಿಕ್ ಹೆಲ್ತ್. ಐ ಟೋಲ್ಡ್ ಯು ಸೋ ಮೆನಿ ಟೈಮ್ಸ್," ಎಂದಳು ಶ್ರಾವ್ಯ ಸೋಫಾದಿಂದ.

"ನೀನು ಇಂಗ್ಲಿಷಿನಲ್ಲಿ ಹೆದರಿಸ್ಬೇಡ. ಜನರ ಆರೋಗ್ಯ ಅಂತೆ! ನಮ್ಮ ಇವರು ಜನ ಅಲ್ವಾ? ಪ್ರೆಶರಿನ ಮಾತ್ರೆ ಜಾಸ್ತಿ ಮಾಡಿ ಮಾಡಿ ಸಾಕಾಯ್ತು. ಉಪ್ಪು ಕಮ್ಮಿ ಮಾಡಿ ಅಂತ ಆಸ್ಪತ್ರೆಯ ಡಾಕ್ಟ್ರು ಹೋದಾಗೆಲ್ಲ ಹೇಳ್ತಾರೆ. ಇವರು ಕೇಳುವ ಜನವಾ? ಉಪ್ಪು ಚುರುಕಿಲ್ಲದಿದ್ರೆ ಇವರಿಗೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ. ನಿಮ್ಮ ಜಪಾನಿನ ವಿದ್ಯೆಯಲ್ಲಿ ಇವರ ಊಟದ ಉಪ್ಪು ಇಳಿಸಿ ತೋರ್ಸಿ ನೋಡುವಾ. ಮರುದಿವಸವೇ ಇವಳನ್ನು ವಿಮಾನ ಹತ್ತಿಸ್ತೇನೆ."

ಭಾಸ್ಕರಣ್ಣ ಫೋನಿನಿಂದ ತಲೆ ಎತ್ತದೆ "ಖಲಾಸ್" ಎಂದರು. ಯಾರ ಪರವಾಗಿ ಎಂದು ಯಾರಿಗೂ ತಿಳಿಯಲಿಲ್ಲ. ಶ್ರಾವ್ಯ ನನ್ನನ್ನೇ ನೋಡುತ್ತಿದ್ದಳು. ಅವಳ ಓದು ಈಗ ಅವಳಪ್ಪನ ತಟ್ಟೆಯಲ್ಲಿ ಬಿದ್ದಿತ್ತು. ನಾನು, "ಆಯ್ತು ಅಕ್ಕ, ಮಾತು ಬದಲಿಸಬಾರದು," ಎಂದೆ. ಜಂಬವೆಂದು ತಿಳಿಯಬೇಡಿ. ಕೆಲವರಿಗೆ ಈಜು ಬರುತ್ತದೆ, ಕೆಲವರಿಗೆ ಹಾಡು. ನನಗೆ ಹಾಡಲು ಬರುವುದಿಲ್ಲ, ಈಜಲು ಹೆದರಿಕೆ, ಚಪಾತಿ ದುಂಡಗಾಗುವುದಿಲ್ಲ. ಆದರೆ ಇದೊಂದು ಬರುತ್ತದೆ.

ಬಂದದ್ದು ಹೇಗೆಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನಾನು ಮೂಲ್ಕಿಯವಳು, ಓದಿದ್ದು ಹಲ್ಲಿನ ಡಾಕ್ಟರಿಕೆ. ಮಂಗಳೂರಿನಲ್ಲಿ ಕೆಲವು ವರ್ಷ ಜನರ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದೆ. ಒಂದು ಹಲ್ಲು ತುಂಬಿಸಿ ಕಳಿಸಿದರೆ ಅದೇ ಬಾಯಿ ಮರುವರ್ಷ ಇನ್ನೊಂದು ಹುಳುಕು ಹಲ್ಲು ಹೊತ್ತು ನಗುನಗುತ್ತ ಬರುತ್ತಿತ್ತು. ಅಮ್ಮನದಾದ ಮೇಲೆ ಮಗನದು, ಮಗನದಾದ ಮೇಲೆ ಸೊಸೆಯದು. ಈ ಬಾಯಿಗಳು ಮನೆಯಲ್ಲಿ ಏನು ಮಾಡುತ್ತವೆ ಎಂದು ಒಮ್ಮೆ ಹೋಗಿ ನೋಡಬೇಕು ಅನಿಸತೊಡಗಿತು. ಹಾಗೆ ಅನಿಸಿದವರು ಓದಲಿಕ್ಕೆಂದೇ ಒಂದು ವಿಷಯ ಇದೆ, ಅದಕ್ಕೆ ಜಪಾನ್ ಸರಕಾರ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಹೊರಟೆ. ನನ್ನಮ್ಮ ನೆರೆಹೊರೆಯವರಿಗೆಲ್ಲ "ಇನ್ನೂ ದೊಡ್ಡ ಹಲ್ಲಿನ ಕೋರ್ಸು" ಎಂದು ಹೇಳಿ ನನ್ನ ಮಾನ ಕಾಪಾಡಿದರು.

ನನ್ನ ವಿಶ್ವವಿದ್ಯಾಲಯ ಇದ್ದದ್ದು ಚಳಿಗಾಲದಲ್ಲಿ ಹಿಮ ಬೀಳುವ, ಸುತ್ತ ಗುಡ್ಡಗಳಿರುವ ಒಂದು ಊರಿನಲ್ಲಿ. ಮೂಲ್ಕಿಯ ಸೆಕೆಯಲ್ಲಿ ಬೆಳೆದವಳಿಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆ. ಪಾಠ ಇಂಗ್ಲಿಷಿನಲ್ಲಿತ್ತು, ಊರು ಜಪಾನಿಯಲ್ಲಿತ್ತು. ಕ್ಲಾಸಿನಲ್ಲಿ ಅಂಕಿಸಂಖ್ಯೆಗಳ ಶಾಸ್ತ್ರ, ರೋಗ ಹೇಗೆ ಹರಡುತ್ತದೆಂಬ ಶಾಸ್ತ್ರ, ಪ್ರಶ್ನೆ ಹೇಗೆ ಕೇಳಬೇಕೆಂಬುದಕ್ಕೂ ಒಂದು ಶಾಸ್ತ್ರ. ಹೊರಗೆ ಬಂದರೆ ಮೂರು ವರ್ಷದ ಮಗುವಿನಷ್ಟು ಭಾಷೆ. ಅದರಿಂದ ಒಂದು ಲಾಭವೂ ಆಯಿತು. ಮುದುಕಿಯರು ದೊಡ್ಡವರ ಹತ್ತಿರ ಆಡದ ಮಾತನ್ನು ಮಗುವಿನ ಹತ್ತಿರ ಆಡುತ್ತಾರೆ. ಆಮೇಲೆ ಆ ಬಗ್ಗಿ ನಮಸ್ಕರಿಸುವ ಅಭ್ಯಾಸ. ಫೋನಿನಲ್ಲಿ ಮಾತಾಡುವಾಗಲೂ ಅಲ್ಲಿಯವರು ಬಗ್ಗುತ್ತಾರೆ. ನನ್ನ ಸೊಂಟಕ್ಕೂ ಅದು ಅಂಟಿಕೊಂಡು, ಮದುವೆಯಾಗಿ ಒಮಾನಿಗೆ ಬಂದ ಮೇಲೂ ಬಿಡಲಿಲ್ಲ. ಕೆಳಗಿನ ಅಂಗಡಿಯ ಮಲಯಾಳಿ ಹುಡುಗರು ಕೊತ್ತಂಬರಿ ಸೊಪ್ಪು ಕೊಟ್ಟಾಗ ನಾನು ಬಗ್ಗಿದ್ದನ್ನು ನೋಡಿ, ಏನೋ ಬಿದ್ದಿದೆ ಎಂದು ಅವರೂ ನೆಲ ಹುಡುಕಿದ್ದರು.

ನಮ್ಮ ಪ್ರೊಫೆಸರನ್ನು ಅಲ್ಲಿಯ ರೂಢಿಯಂತೆ ಸೆನ್ಸೆ ಎಂದು ಕರೆಯುತ್ತಿದ್ದೆವು. ಪ್ರತಿ ವಾರ ಒಬ್ಬೊಬ್ಬರು ತಮ್ಮ ಕೆಲಸ ಎಲ್ಲಿಗೆ ಬಂತು ಎಂದು ಎಲ್ಲರ ಮುಂದೆ ಹೇಳಬೇಕು. ಸೆನ್ಸೆ ಕಣ್ಣು ಮುಚ್ಚಿ, ಕೈಕಟ್ಟಿ, ತಲೆಯನ್ನು ಎದೆಗೆ ಇಳಿಬಿಟ್ಟು ಕೂರುತ್ತಿದ್ದರು. ಮೊದಲ ಸಲ ನಾನು, ಪಾಪ, ವಯಸ್ಸಾಗಿದೆ, ನಿದ್ದೆ ಬಂದಿದೆ ಎಂದುಕೊಂಡು ಅವರಿಗೆ ಎಚ್ಚರವಾಗದಂತೆ ದನಿ ಇಳಿಸಿ ಮಾತಾಡಿದೆ. ಮುಗಿದ ಮೇಲೆ ಅವರು ಕಣ್ಣು ಮುಚ್ಚಿಕೊಂಡೇ, ನನ್ನ ಲೆಕ್ಕ ತಪ್ಪಿದ ಜಾಗವನ್ನೇ ಹಿಡಿದು ಕೇಳಿದರು. ಆಮೇಲೆ ಅವರು ನಿಜವಾಗಿ ಗೊರಕೆ ಹೊಡೆದರೂ ನಾನು ನಂಬಲಿಲ್ಲ.

ನನಗೆ ಸಿಕ್ಕ ಕೆಲಸ ಹತ್ತಿರದ ಒಂದು ಹಳ್ಳಿಯ ಉಪ್ಪು. ಆ ಕಡೆಯವರ ಸಾರು ಎಂದರೆ ಮಿಸೋ ಸೂಪು. ಸೋಯಾ ಕಾಳಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹುದುಗಿಸಿಟ್ಟ ಮುದ್ದೆಯನ್ನು ಬಿಸಿನೀರಿಗೆ ಕದಡಿ ಮಾಡುವುದು. ವಾಸನೆ, ನಮ್ಮ ಉಪ್ಪಿನಕಾಯಿ ಭರಣಿಯ ತಳಕ್ಕೂ ಹುಳಿಬಂದ ದೋಸೆಹಿಟ್ಟಿಗೂ ನಡುವಿನದು. ದಿನಕ್ಕೆ ಮೂರು ಹೊತ್ತು ಅದನ್ನು ಕುಡಿದರೆ ಪ್ರೆಶರ್ ಏರದೆ ಇನ್ನೇನಾಗುತ್ತದೆ? ಅಲ್ಲಿ ಒಂದು ಪದ್ಧತಿ ಇದೆ. ಕೇರಿ ಕೇರಿಯಿಂದ ಸರದಿಯಂತೆ ಒಬ್ಬೊಬ್ಬ ಹೆಂಗಸು ನೆರೆಹೊರೆಯ ಆರೋಗ್ಯ ನೋಡಿಕೊಳ್ಳುವ ಕೆಲಸ ಹೊರಬೇಕು. ಡಾಕ್ಟರಲ್ಲ, ನರ್ಸಲ್ಲ, ಏಪ್ರನ್ ಕಟ್ಟಿದ ಗೃಹಿಣಿಯರು. ತಿಂಗಳಿಗೊಮ್ಮೆ ಅವರು ಕೇರಿಯವರನ್ನೆಲ್ಲ ಸಭಾಭವನಕ್ಕೆ ಕರೆಯುತ್ತಾರೆ. ಎಲ್ಲರೂ ತಮ್ಮ ಮನೆಯ ಸೂಪನ್ನು ಜ್ಯಾಮಿನ ಬಾಟಲಿಯಲ್ಲಿ ತರುತ್ತಾರೆ. ಥರ್ಮಾಮೀಟರಿನಂಥ ಒಂದು ಕಡ್ಡಿಯನ್ನು, ಅಂದರೆ ಉಪ್ಪಿನ ಮೀಟರನ್ನು, ಅದಕ್ಕೆ ಅದ್ದಿದರೆ ಉಪ್ಪೆಷ್ಟೆಂದು ಅಂಕಿ ಬರುತ್ತದೆ. ಎಲ್ಲ ಮುಗಿದ ಮೇಲೆ ಚಹಾ, ಚಹಾದ ಜೊತೆಗೆ ಉಪ್ಪಿನಲ್ಲಿ ಅದ್ದಿಟ್ಟ ಸೊಪ್ಪು! ನಮ್ಮಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮುಗಿಸಿ ಹೋಳಿಗೆ ಹಂಚುವ ಹಾಗೆ. ಆ ವರ್ಷದ ಸರದಿ ಹರುಕೊ ಸಾನ್ ಎಂಬ ಅಜ್ಜಿಯದಾಗಿತ್ತು. ಸೊಪ್ಪಿನ ತಟ್ಟೆಯನ್ನು ನನ್ನತ್ತ ತಳ್ಳಿ, ಕಡ್ಡಿಯನ್ನು ಕಣ್ಣಲ್ಲೇ ತೋರಿಸಿ, "ಇದನ್ನು ಅದಕ್ಕೆ ಹೇಳಬೇಡ," ಎಂದು ಪಿಸುಗುಟ್ಟಿದ್ದರು.

ಮೊದಲ ತಿಂಗಳ ಅಂಕಿಗಳು ಎಷ್ಟು ಚೆನ್ನಾಗಿದ್ದವೆಂದರೆ ನಾನು ಬಣ್ಣಬಣ್ಣದ ಚಿತ್ರ ಬರೆದು ಸೆಮಿನಾರಿನಲ್ಲಿ ತೋರಿಸಿದೆ. ಇಡೀ ಹಳ್ಳಿಯೇ ಸಪ್ಪೆ ಸೂಪು ಕುಡಿಯುತ್ತಿದೆ, ನನಗೆ ಕೆಲಸವೇ ಉಳಿದಿಲ್ಲ ಎಂಬ ಧಾಟಿಯಲ್ಲಿ ಮುಗಿಸಿದೆ. ಸೆನ್ಸೆ ಕಣ್ಣು ತೆರೆಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು.

"ಈ ಸೂಪು ಮಾಡುವಾಗ ಮೊದಲು ರುಚಿ ನೋಡುವವರು ಯಾರು? ಮಾಡಿದವರು ಯಾರ ಜೊತೆ ಕೂತು ಉಣ್ಣುತ್ತಾರೆ?"

ಆ ಪ್ರಶ್ನೆಗಳನ್ನು ಹಿಡಿದುಕೊಂಡೇ ಸೈಕಲ್ ಹತ್ತಿ ಹರುಕೊ ಸಾನ್ ಮನೆಗೆ ಹೋಗಿ ಕೇಳಿದೆ. ಅವರು ಕೈಯಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು. "ಅದು ಮೀಟರಿಗೆ ಮಾಡಿದ ಸೂಪು. ಮನೆಯವರಿಗೆ ಮಾಡುವುದು ಬೇರೆ ಪಾತ್ರೆ," ಎಂದರು. ಅಂದರೆ ಪರೀಕ್ಷೆಯ ದಿನಕ್ಕೆಂದು ಇಡೀ ಕೇರಿ ಎರಡೆರಡು ಒಲೆ ಹಚ್ಚಿತ್ತು. ನನ್ನ ಬಣ್ಣದ ಚಿತ್ರಗಳು ನೀರುಪಾಲು. ನಾನು ಅಳುಮುಖ ಹೊತ್ತು ಸೆನ್ಸೆ ಹತ್ತಿರ ಹೋದರೆ ಅವರು ಮೊದಲ ಬಾರಿಗೆ ಎರಡೂ ಕಣ್ಣು ತೆರೆದರು. "ಹಾಗಾದರೆ ಅವರಿಗೆ ಮಾಡಲು ಬರುತ್ತದೆ! ಕಲಿಸುವ ಕೆಲಸ ಉಳಿಯಿತು. ಆ ಪಾತ್ರೆ ಮೀಟರಿನಿಂದ ಮನೆಯ ಮೇಜಿಗೆ ಹೋಗುವ ದಾರಿಯನ್ನಷ್ಟೇ ಹುಡುಕಿ," ಎಂದರು.

ದಾರಿ ಹುಡುಕಿದ್ದು ನಾನಲ್ಲ, ಹರುಕೊ ಸಾನ್. ಅವರು ಯಾರನ್ನೂ ಬೈಯಲಿಲ್ಲ, ಯಾರ ಗುಟ್ಟನ್ನೂ ರಟ್ಟು ಮಾಡಲಿಲ್ಲ. ಮುಂದಿನ ತಿಂಗಳು ಒಂದು ನಿಯಮ ಮಾತ್ರ ಹೇಳಿದರು: ಮನೆಯವರು ಉಂಡು ಉಳಿದ ಸೂಪನ್ನೇ ತರಬೇಕು. ಹೆಂಗಸರು ಈ ಸಲವೂ ಮೀಟರಿಗೇ ಮಾಡಿದರು. ಆದರೆ ಈಗ ಅದನ್ನು ಮನೆಯವರಿಗೂ ಬಡಿಸಲೇಬೇಕಾಯಿತು. ಬಾಟಲಿಯ ಜೊತೆಗೆ ಕತೆಗಳೂ ಬಂದವು. ಒಬ್ಬಳ ಗಂಡನಿಗೆ ಗೊತ್ತೇ ಆಗಿರಲಿಲ್ಲ, ಇನ್ನೊಬ್ಬಳ ಅತ್ತೆಗೆ ಕೂಡಲೇ ಗೊತ್ತಾಗಿತ್ತು. ಕತೆ ಕೇಳುವ ಚಟಕ್ಕೆ ಬಿದ್ದು ಮತ್ತೆ ಮತ್ತೆ ಅದನ್ನೇ ಮಾಡಿದರು. ಹರುಕೊ ಸಾನ್ ಒಬ್ಬಂಟಿ. ಅವರು ಪ್ರತಿ ಸಲ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. "ನಿಯಮ ಅಂದರೆ ನಿಯಮ. ನನ್ನ ಸೂಪು ಉಣ್ಣುವುದಕ್ಕೂ ಯಾರಾದರೂ ಬೇಕಲ್ಲ," ಎನ್ನುತ್ತಿದ್ದರು. ನಾನು ಶಿಸ್ತಿನ ವಿದ್ಯಾರ್ಥಿನಿ, ನಿಯಮ ಪಾಲಿಸಿದೆ. ಮಂಡಿಯೂರಿ ಕೂತು ಕಾಲು ಜೋಮು ಹಿಡಿಯುವ ತನಕ ಉಂಡು, ಅವರು ನಗುವುದನ್ನು ಕೇಳಿ, ಹಿಂದಕ್ಕೆ ಬರುತ್ತಿದ್ದೆ. ಓದು ಮುಗಿಸಿ ಹೊರಟಾಗ ಅವರು ಅಂಥದೇ ಒಂದು ಹೊಸ ಕಡ್ಡಿಯನ್ನು ನನಗೆ ಉಡುಗೊರೆ ಕೊಟ್ಟರು.

ಈಗ ಗೊತ್ತಾಯಿತಲ್ಲ, ಸುಮತಿಯಕ್ಕನ ಸವಾಲಿಗೆ ನಾನು ಯಾಕೆ ಹೆದರಲಿಲ್ಲವೆಂದು. ಪರೀಕ್ಷೆ ಎಂದರೆ ತಯಾರಿ ಮಾಡುವುದರಲ್ಲಿ ಜಪಾನಿನ ಹೆಂಗಸರು ನಮ್ಮ ಮುಂದೆ ಎಲ್ಲಿ? ನಮ್ಮ ಕಟ್ಟಡದ, ಅಕ್ಕಪಕ್ಕದ ಕನ್ನಡ ತುಳು ಮನೆಗಳಿಗೆಲ್ಲ ವಾಟ್ಸಾಪಿನಲ್ಲಿ ಕರೆ ಕಳಿಸಿದೆ: ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಸಾರಿನ ಉಪ್ಪಿನ ಪರೀಕ್ಷೆ, ಮಧ್ಯಾಹ್ನ ಮನೆಯವರೆಲ್ಲ ಉಂಡು ಉಳಿದ ಸಾರನ್ನೇ ತರತಕ್ಕದ್ದು. ಮೊದಲ ಬಹುಮಾನ ಉಂಟಾ ಎಂದು ಕೂಡಲೇ ಕೇಳಿದರು. ಉಂಟು ಎಂದೆ. ನನ್ನ ಕೆಲಸ ಅಲ್ಲಿಗೆ ಮುಕ್ಕಾಲು ಮುಗಿಯಿತು.

ಶುಕ್ರವಾರ ಸಂಜೆ ಹಾಲಿನ ತುಂಬ ಬಾಟಲಿಗಳು. ಟೊಮೆಟೊ ಸಾರು, ಹುರುಳಿ ಸಾರು, ಬಸಳೆಯ ಪದಾರ್ಥದ ತಿಳಿ. ಶ್ರಾವ್ಯ ಒಂದೊಂದಕ್ಕೂ ಕಡ್ಡಿ ಅದ್ದಿ, ಒರೆಸಿ, ಅಂಕಿ ಕೂಗಿ ಹೇಳುತ್ತಿದ್ದಳು. ಒಂದಕ್ಕಿಂತ ಒಂದು ಕಡಿಮೆ. ಎಲ್ಲರ ಮುಖದಲ್ಲೂ ರ‍್ಯಾಂಕ್ ಬಂದ ಕಳೆ. ಆಮೇಲೆ ಒಂದು ಬಾಟಲಿಗೆ ಅದ್ದಿದಾಗ ಅಂಕಿ ಜಿಗಿಯಿತು. ನಮ್ಮವರು ಎದ್ದು ನಿಂತು ಚಪ್ಪಾಳೆ ಹೊಡೆದರು.

"ನೋಡೇ, ನಮ್ಮನೆ ಸಾರೇ ಫಸ್ಟು! ಮಿಕ್ಕಿದ್ದು ಯಾವ್ದೂ ಹತ್ರಕ್ಕೂ ಬಂದಿಲ್ಲ!"

ನಮ್ಮವರು ಮೈಸೂರು ಕಡೆಯವರು. ನಮ್ಮ ಮನೆಯಲ್ಲಿ ರಜಾದಿನದ ಸಾರು ಅವರ ಖಾತೆ. ಹೆಚ್ಚು ಅಂಕ ಬಂದರೆ ಗೆದ್ದ ಹಾಗೆ ಎಂದು ಹುಟ್ಟಿದಾಗಿನಿಂದ ತಿಳಿದುಕೊಂಡು ಬಂದವರು. ಮೀಟರಿಗೆಂದು ಮಾಡದೆ ದಿನದ ಸಾರನ್ನೇ ಇಟ್ಟವರು ಅವರೊಬ್ಬರೇ ಎಂಬುದನ್ನೂ ಹೇಳಬೇಕು. ಆದರೂ ಆರೋಗ್ಯದ ಪಂಡಿತೆಯ ಮನೆಯ ಸಾರೇ ಎಲ್ಲರಿಗಿಂತ ಉಪ್ಪೆಂದು ಊರಿಗೆಲ್ಲ ಗೊತ್ತಾದಾಗ, ನೆಲ ನೋಡುತ್ತ ನಿಲ್ಲಲು ನನ್ನ ಜಪಾನೀ ಅಭ್ಯಾಸ ಉಪಯೋಗಕ್ಕೆ ಬಂತು.

ಕೊನೆಗೆ ಸುಮತಿಯಕ್ಕನ ಬಾಟಲಿ. ಅಂಕಿ ಎಲ್ಲರಿಗಿಂತ ಕೆಳಗೆ. ಅವರು ಸೆರಗು ಸರಿಮಾಡಿಕೊಂಡು ಸುತ್ತ ನೋಡಿದರು. ನಾನು ಸಮಯ ನೋಡಿ ಭಾಸ್ಕರಣ್ಣನನ್ನು ಕೇಳಿದೆ.

"ಮಧ್ಯಾಹ್ನ ಇದನ್ನೇ ಉಂಡ್ರಾ ಭಾಸ್ಕರಣ್ಣ?"

"ಹೌದು."

"ಹೇಗಿತ್ತು?"

"ಲಾಯ್ಕಿತ್ತು. ಎರಡು ಸಲ ಹಾಕ್ಕೊಂಡೆ."

ಸುಮತಿಯಕ್ಕನ ಕೈ ಸೆರಗಿನಲ್ಲೇ ನಿಂತಿತು. "ಉಪ್ಪು ಅರ್ಧವೂ ಹಾಕ್ಲಿಲ್ಲ ನಾನು. ಗೊತ್ತೇ ಆಗ್ಲಿಲ್ವಾ ನಿಮ್ಗೆ?"

"ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಂಥ ಹೇಳುದು? ನನಗೆ ಅಷ್ಟೇ ಸಾಕು."

"ಹಾಗಾದ್ರೆ ಇಷ್ಟು ವರ್ಷ ನಾನು ನಿಮಗೋಸ್ಕರ ಅಂತ ಹಾಕಿದ ಉಪ್ಪು?"

ಭಾಸ್ಕರಣ್ಣ ಸ್ವಲ್ಪ ಯೋಚಿಸಿದರು. "ನಾನೆಲ್ಲಿ ಕೇಳಿದ್ದೆ ಮಾರಾಯ್ತಿ? ನೀನು ಹಾಕಿದ್ದನ್ನು ಉಂಡದ್ದು. ನಿನಗೆ ಹಾಗೆ ಇಷ್ಟ ಅಂತ ಎಣಿಸಿದ್ದೆ. ಖಲಾಸ್."

ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿದ್ದಾಗಲೇ ಕಣ್ಣು ಮುಚ್ಚಿದ ಸೆನ್ಸೆ ನೆನಪಾದರು. ಮೊದಲು ರುಚಿ ನೋಡುವವರು ಯಾರು? ನಾನು ಭಾಸ್ಕರಣ್ಣನ ನಾಲಿಗೆಯನ್ನು ತಿದ್ದಲು ಹೊರಟಿದ್ದೆ, ಆ ಮನೆಯ ಉಪ್ಪು ಇದ್ದದ್ದು ಸುಮತಿಯಕ್ಕನ ನಾಲಿಗೆಯಲ್ಲಿ. ಅವರು ನಗಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡಿಕೊಂಡು, ಬಹುಮಾನವನ್ನೂ ತೆಗೆದುಕೊಳ್ಳದೆ ಮೇಲೆ ಹೋದರು. ಪಂದ್ಯವನ್ನೇನೋ ಗೆದ್ದೆ, ಆದರೆ ಆ ರಾತ್ರಿ ನನಗೆ ಊಟ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಕೆಳಗೆ ಬಂದರು. ಡಾಕ್ಟ್ರೇ ಎಂದು ಶುರುಮಾಡಿದರೆ ಏನು ಹೇಳಲಿ ಎಂದು ನಾನು ತಯಾರಾಗುತ್ತಿದ್ದೆ. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

"ನನ್ನ ಅಪ್ಪ ಕಡಲಿಗೆ ಹೋಗುವವರು. ಬೆವರು ಸುರಿಸಿ ಬರುವಾಗ ಅವರಿಗೆ ಉಪ್ಪು ಬೇಕಿತ್ತು. ಅಮ್ಮ ಅಷ್ಟು ಹಾಕ್ತಿದ್ರು. ನಾನು ಅದೇ ಕೈ ಹಿಡ್ಕೊಂಡು ಬಂದೆ ಮಾರಾಯ್ತಿ. ಇವರಿಗೆ ಬೇಕಾ ಬೇಡ್ವಾ ಅಂತ ಒಂದು ದಿವಸ ಕೇಳ್ಲಿಲ್ಲ ನೋಡು. ಇವರೂ ಹೇಳ್ಲಿಲ್ಲ."

"ಈಗ ಗೊತ್ತಾಯ್ತಲ್ಲ ಅಕ್ಕ."

"ಗೊತ್ತಾಯ್ತು. ಕೊಟ್ಟ ಮಾತು ಕೊಟ್ಟದ್ದೇ. ಹೋಗ್ಲಿ ಅವಳು." ಏಳಹೊರಟವರು ಮತ್ತೆ ಕೂತರು. "ಅವಳು ಡಾಕ್ಟ್ರಾಗುದಿಲ್ಲ ಅಂತ ಬೇಜಾರಲ್ಲ ನನಗೆ. ಹಾಸ್ಟೆಲಿನಿಂದ ಈಗಷ್ಟೇ ಬಂದದ್ದು. ಸ್ವಲ್ಪ ಸಮಯ ಮನೆಯಲ್ಲಿರ್ಲಿ ಅಂತ ಆಸೆ. ಇವರಂತೂ ಮಾತಾಡುದಿಲ್ಲ. ಅವಳೂ ಹೋದ್ರೆ ಆ ಮನೆಯಲ್ಲಿ ನನ್ನ ಜೊತೆ ಯಾರುಂಟು?"

"ನಾನಿದ್ದೇನಲ್ಲ ಅಕ್ಕ," ಎಂದೆ. ಬಾಯಿಗೆ ಬಂದ ಮಾತು, ಹೇಳಿಬಿಟ್ಟೆ. ಹೇಳಲು ಸುಲಭವೂ ಇತ್ತು.

ಆಮೇಲಿನ ತಿಂಗಳುಗಳಲ್ಲಿ ಮೇಲಿನ ಮನೆಯ ಅಡುಗೆಗೆ ಹೊಸ ಕ್ರಮ ಬಂತು. ಸುಮತಿಯಕ್ಕನಿಗೆ ತಮ್ಮ ನಾಲಿಗೆಯ ಮೇಲಿನ ನಂಬಿಕೆ ಹೋಗಿತ್ತು. ಸಾರು ಕುದಿಯುವಾಗ ಸೌಟಿನಲ್ಲಿ ತೆಗೆದು, "ಮಗಾ, ಉಪ್ಪು ನೋಡು," ಎಂದು ಕೂಗುತ್ತಿದ್ದರು. ಶ್ರಾವ್ಯ ಬಂದು, ನೆಕ್ಕಿ, "ಅಮ್ಮಾ, ಪರ್ಫೆಕ್ಟ್," ಎನ್ನುತ್ತಿದ್ದಳು. ಆ ಕೂಗು ನಮ್ಮ ಅಡುಗೆಮನೆಯ ಕಿಟಕಿಗೂ ಕೇಳಿಸುತ್ತಿತ್ತು. ಭಾಸ್ಕರಣ್ಣನ ಪ್ರೆಶರ್ ಬಗ್ಗೆ ಆಸ್ಪತ್ರೆಯ ಡಾಕ್ಟರು ಈಗ ಮೊದಲಿನ ಹಾಗೆ ಬೈಯುವುದಿಲ್ಲ. ಶ್ರಾವ್ಯ ಹೋಗಿ ಇನ್ನೂ ವಾರ ತುಂಬಿಲ್ಲ. ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಹರುಕೊ ಸಾನ್ ಕೊಟ್ಟ ಕಡ್ಡಿಯನ್ನು ಅವಳ ಕೈಗಿಟ್ಟೆ. ಅದು ಹುಟ್ಟಿದ ಊರಿಗೇ ವಾಪಸು ಹೋಯಿತು. ಸುಮತಿಯಕ್ಕ ಅವಳ ಚೀಲದಲ್ಲಿ ಹುರುಳಿ ತುಂಬಿಸಿ, ಆ ಹಿಮದ ಊರಿನಲ್ಲಿ ಅದನ್ನು ಎಷ್ಟು ಹೊತ್ತು ನೆನೆಸಬೇಕೆಂದು ಗೇಟಿನವರೆಗೂ ಹೇಳುತ್ತಲೇ ಇದ್ದರು. ಅಳಲಿಲ್ಲ. ನನಗೆ ಅವರ ಮೇಲೆ ಹೆಮ್ಮೆಯಾಯಿತು.

ಕುಕ್ಕರ್ ಇಳಿಸಿಯಾಯಿತು. ತಟ್ಟೆಗೆ ಅನ್ನ ಬಡಿಸಿ, ಡಬ್ಬಿಯ ಸಾರು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟೆ.

ಉಪ್ಪೇ ಇಲ್ಲ. ಕಡಿಮೆಯಲ್ಲ, ಒಂದು ಹರಳೂ ಬಿದ್ದಿಲ್ಲ. ಸುಮತಿಯಕ್ಕನ ಕೈ ಏನನ್ನು ಮರೆತರೂ ಅದನ್ನು ಮರೆಯುವ ಕೈಯಲ್ಲ. ಫೋನು ಮಾಡಿದೆ.

"ಅಕ್ಕ, ಊಟ ಆಯ್ತಾ?"

"ಇವರು ಉಂಡು ಮಲಗಿದ್ರು. ಎರಡು ಸಲ ಹಾಕ್ಕೊಂಡ್ರು. ನಂದು ಆಗ್ಬೇಕಷ್ಟೆ. ಸಾರು ಹೇಗುಂಟು?"

"ನೀವು ರುಚಿ ನೋಡ್ಲಿಲ್ವಾ?"

ಆಚೆ ಕಡೆ ಪಾತ್ರೆಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ಸೌಟಿನಲ್ಲಿ ತೆಗ್ದು, ಮಗಾ ಉಪ್ಪು ನೋಡು ಅಂತ ಕೂಗಿದೆ ಮಾರಾಯ್ತಿ. ಕೂಗಿದ ಮೇಲೆ ನೆನಪಾಯ್ತು. ಮತ್ತೆ ಉಪ್ಪು ಹಾಕಿದ್ದೆನಾ ಅಂತ ನೋಡ್ಲಿಕ್ಕೂ ಮನಸ್ಸಾಗ್ಲಿಲ್ಲ. ಅದಕ್ಕೇ ನಿನಗೆ ಕಳಿಸಿದ್ದು. ಸರಿ ಉಂಟಾ?"

ಸೆನ್ಸೆ ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದನ್ನು ಹಿಡಿದುಕೊಂಡೇ ನಾನು ಇಷ್ಟು ವರ್ಷ ಮೆರೆದೆ. ಮಾಡಿದವರು ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬ ಎರಡನೆಯದಕ್ಕೆ ಉತ್ತರವನ್ನು ಹರುಕೊ ಸಾನ್ ತಿಂಗಳು ತಿಂಗಳೂ ನನ್ನ ಮುಂದೆ ಬಡಿಸುತ್ತಿದ್ದರು, ನಾನು ಅದನ್ನು ನಿಯಮ ಎಂದುಕೊಂಡು ಉಂಡು ಬಂದೆ. ನಾನೊಬ್ಬಳು ಕೆಳಗೆ, ಅವರೊಬ್ಬರು ಮೇಲೆ, ನಡುವೆ ಇಪ್ಪತ್ತು ಮೆಟ್ಟಿಲೂ ಇಲ್ಲ. ಡಬ್ಬಿಯ ಮುಚ್ಚಳ ಹಾಕಿದೆ, ನನ್ನ ತಟ್ಟೆಯನ್ನೂ ಎತ್ತಿಕೊಂಡೆ.

"ಸರಿ ಉಂಟಾ ಅಂತ ಕೇಳಿದ್ದು ನಾನು," ಎಂದರು ಸುಮತಿಯಕ್ಕ.

"ಬಾಗಿಲು ತೆಗೀರಿ ಅಕ್ಕ. ಒಟ್ಟಿಗೆ ಕೂತು ನೋಡುವಾ."